ರಮ್ಮಿನ ಘಾಟು ಎಷ್ಟು ಹೊತ್ತು ನಿಲ್ಲುತ್ತದೆ? ಮೂರು ಪೈಪ್ ತಂಬಾಕುಗಳ ಹೋಲಿಕೆ

ಮದ್ಯದ ಪರಿಮಳ ಬೆರೆಸಿದ ಪೈಪ್ ತಂಬಾಕನ್ನು ಡಬ್ಬಿಯ ಮುಚ್ಚಳ ತೆಗೆದು ಮೂಸಿದ ಮಾತ್ರಕ್ಕೆ ಒಳ್ಳೆಯದೆಂದು ತೀರ್ಮಾನಿಸುವುದು, ಒಗ್ಗರಣೆಯ ಘಮವನ್ನಷ್ಟೇ ನಂಬಿ ಸಾರಿನ ರುಚಿ ಹೇಳಿದಂತೆ. ಆಲ್ಕೋಹಾಲ್ ಸುಮಾರು 78 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಉರಿಯುವ ಎಲೆಯ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇಲೆ ಚಿಮುಕಿಸಿದ ರಮ್ಮಾಗಲಿ ವಿಸ್ಕಿಯಾಗಲಿ ಕಡ್ಡಿ ಗೀರಿದ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಆದ್ದರಿಂದ ಪೈಪಿನ ಬಟ್ಟಲಿನ ತಳದ ಮೂರನೇ ಒಂದು ಪಾಲನ್ನು ಸೇದುವಾಗ ಬಾಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡೆ.

ಹೋಲಿಕೆಗೆ ಆರಿಸಿಕೊಂಡ ಮೂರು ತಂಬಾಕುಗಳೂ ಅಂಗಡಿಯಲ್ಲಿ 'ಕಡಕ್' ಎಂದೇ ಹೆಸರಾದವು. ಒಂದು, ಒತ್ತಿ ತೆಳುವಾಗಿ ಹೆಚ್ಚಿದ ಡೆನ್ಮಾರ್ಕಿನ ರಮ್ ಫ್ಲೇಕ್. ಎರಡನೆಯದು, ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ಪೀಪಾಯಿಯಲ್ಲಿ ಹಳೆಯದಾಗಿಸಿದ ಅಮೆರಿಕದ ಇಟ್ಟಿಗೆಯಂಥ ಕೇಕ್. ಮೂರನೆಯದು, ಉತ್ತರ ಇಂಗ್ಲೆಂಡಿನ ಹಳೆಯ ಪದ್ಧತಿಯಲ್ಲಿ ಹಗ್ಗದಂತೆ ಹೊಸೆದ, ರಮ್ ಸೇರಿಸಿದ ಕಪ್ಪು ಹುರಿ. ನನ್ನ ತಪ್ಪಿನಿಂದ ಆದ ತೊಂದರೆಗಳೂ ಇಲ್ಲಿ ಬರುವುದರಿಂದ ಕಂಪನಿಗಳ ಹೆಸರನ್ನು ಬಿಟ್ಟಿದ್ದೇನೆ. ಒಂದರ ವಾಸನೆ ಇನ್ನೊಂದಕ್ಕೆ ಹತ್ತದಿರಲೆಂದು ಮುಸುಕಿನ ಜೋಳದ ದಿಂಡಿನಿಂದ ಮಾಡಿದ ಅಗ್ಗದ ಪೈಪುಗಳನ್ನು ಮೂರು ಕೊಂಡು, ಪ್ರತಿ ಸಲವೂ 2 ಗ್ರಾಂ ತೂಗಿ, ರಾತ್ರಿಯ ಊಟವಾದ ಮೇಲೆಯೇ, ಬರೀ ನೀರು ಕುಡಿಯುತ್ತಾ, ಒಂದೊಂದನ್ನು ಆರಾರು ಬಾರಿ ಸೇದಿ ನೋಡಿದೆ. ಪೈಪಿನ ಹೊಗೆಯನ್ನು ಎದೆಗೆ ಎಳೆಯುವ ಪದ್ಧತಿ ಇಲ್ಲ. ಬಾಯಲ್ಲಿ ನಿಲ್ಲಿಸಿ ಬಿಡುವುದಷ್ಟೇ.

ಡೆನ್ಮಾರ್ಕಿನ ಫ್ಲೇಕಿನ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಡಬ್ಬಿ ತೆರೆದಾಗ ಮೂರರಲ್ಲಿ ಅತ್ಯಂತ ಸೊಗಸಾದ ಪರಿಮಳ ಅದರದೇ: ರಮ್ಮಿನಲ್ಲಿ ನೆನೆಸಿದ ಒಣದ್ರಾಕ್ಷಿ, ಸ್ವಲ್ಪ ಜೇನು. ಹೊತ್ತಿಸಿದ ಮೊದಲ ಐದು ನಿಮಿಷ ಆ ಭರವಸೆ ಉಳಿಯಿತು; ಆಮೇಲೆ ರಮ್ ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು. ಉಳಿದದ್ದು ವರ್ಜೀನಿಯಾ ಎಲೆಯ ಒಣಹುಲ್ಲಿನಂಥ ಸಿಹಿ ಮತ್ತು ನಾಲಿಗೆಯ ತುದಿಯಲ್ಲಿ ಚುರುಚುರು ಉರಿ. ನಾನು ತಂಬಾಕು ಬೆಳೆಯುವ ಹುಣಸೂರಿನ ಕಡೆಯವನು. ಬ್ಯಾರನ್ನಿನಲ್ಲಿ, ಅಂದರೆ ಬಿಸಿಗಾಳಿಯಿಂದ ತಂಬಾಕು ಒಣಗಿಸುವ ಮನೆಯಲ್ಲಿ, ಬೇಯಿಸಿದ ವರ್ಜೀನಿಯಾ ಸೊಪ್ಪಿನಲ್ಲಿ ಸಕ್ಕರೆಯ ಅಂಶ ಹೆಚ್ಚೆಂದೂ, ಆತುರಪಟ್ಟು ಎಳೆದರೆ ಅದು ನಾಲಿಗೆಯನ್ನು ಸುಡುತ್ತದೆಂದೂ ತಿಳಿದಿದ್ದವನು. ಆದರೂ ಹೋದ ರಮ್ಮನ್ನು ಹಿಡಿಯುವ ಆಸೆಯಲ್ಲಿ ಜೋರಾಗಿ ಎಳೆದೆ. ನಿಧಾನವಾಗಿ ಸೇದಿದ ದಿನಗಳಲ್ಲಿ ಉರಿ ಕಡಿಮೆಯಾಯಿತು, ರಮ್ ಮಾತ್ರ ಮರಳಿ ಬರಲಿಲ್ಲ.

ಬರ್ಬನ್ ಪೀಪಾಯಿಯ ಕೇಕಿನದು ಬೇರೆಯದೇ ಕಥೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು; ಹೀಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ಬೇರೆ ಕೆಲಸಗಳಿಗೆ ಧಾರಾಳವಾಗಿ ಸಿಗುತ್ತವೆ, ತಂಬಾಕಿನವರೂ ಅವನ್ನು ಕೊಳ್ಳುತ್ತಾರೆ. ಚಾಕುವಿನಿಂದ ಕೆತ್ತಿ ತೆಗೆದ ಚೂರನ್ನು ಬೆರಳಲ್ಲಿ ಉಜ್ಜಿದಾಗ ವೆನಿಲ್ಲಾ, ಹಸಿ ಮರದ ಹೊಟ್ಟು, ಅದರ ಹಿಂದೆ ಸಣ್ಣಗೆ ಹುಳಿ ವಾಸನೆ ಬಂತು. ಆ ಹುಳಿ ಪೆರೀಕ್‌ನದು. ಲೂಯಿಸಿಯಾನದ ಸೇಂಟ್ ಜೇಮ್ಸ್ ಪ್ಯಾರಿಷ್‌ನಲ್ಲಿ ಬೆಳೆಯುವ ಈ ಎಲೆಯನ್ನು ಪೀಪಾಯಿಗೆ ತುಂಬಿ, ತಿರುಪಿನ ಜಾಕಿಯಿಂದ ಒತ್ತಿ, ನಡುನಡುವೆ ಹೊರತೆಗೆದು ಗಾಳಿಗೆ ಆಡಿಸಿ, ಮತ್ತೆ ಒತ್ತಿ, ಸುಮಾರು ಒಂದು ವರ್ಷ ತನ್ನದೇ ರಸದಲ್ಲಿ ಹುಳಿಯಲು ಬಿಡುತ್ತಾರೆ; ನಮ್ಮ ಮನೆಗಳಲ್ಲಿ ಭರಣಿಗೆ ಕಲ್ಲು ಹೇರಿ ಉಪ್ಪಿನಕಾಯಿ ಮಾಗಿಸುವ ಹಾಗೆಯೇ. ಬಟ್ಟಲಿನ ಅರ್ಧ ದಾಟಿದ ಮೇಲೂ ಅಂಜೂರ, ಕರಿಮೆಣಸು, ಹಳೆಯ ಮದ್ಯ ಮೂರೂ ಕೂಡಿದಂಥ ರುಚಿ ನಿಂತಿತು. ಬರ್ಬನ್ ಗೆದ್ದಿತು ಎಂದು ಬರೆದುಕೊಂಡೆ.

ಅನುಮಾನ ಬಂದದ್ದು ನಾಲ್ಕನೆಯ ಸಲ. ಪೀಪಾಯಿಯನ್ನೇ ಕಾಣದ, ಪೆರೀಕ್ ಮತ್ತು ವರ್ಜೀನಿಯಾ ಮಾತ್ರ ಇರುವ ಸಾದಾ ಮಿಶ್ರಣವೊಂದನ್ನು ಅದೇ ರಾತ್ರಿ ಪಕ್ಕದಲ್ಲಿಟ್ಟು ಸೇದಿದಾಗ ಆ 'ಹಳೆಯ ಮದ್ಯ' ಅಲ್ಲಿಯೂ ಇತ್ತು! ನಾನು ವಿಸ್ಕಿಯೆಂದು ಮೆಚ್ಚಿದ್ದು ಬಹುಪಾಲು ಎಲೆಯೇ ಹುಳಿತು ಬಂದ ರುಚಿ. ಪೀಪಾಯಿಯ ಪಾಲು ಮೊದಲ ಕೆಲವು ಗುಟುಕಿನ ವೆನಿಲ್ಲಾ ಮಾತ್ರ. ರುಚಿಗೆ ಇದರಿಂದ ಕುಂದಿಲ್ಲ, ಆದರೆ ಪೀಪಾಯಿಯ ಹೆಸರಿಗೆ ಹೆಚ್ಚಿನ ಬೆಲೆ ಕೊಡುವಾಗ ಯೋಚಿಸಬೇಕಾಗುತ್ತದೆ.

ಕಪ್ಪು ಹುರಿಯನ್ನು ಕೈಗೆತ್ತಿಕೊಂಡಾಗ ಅದು ಎಣ್ಣೆ ಕುಡಿದ ಹಗ್ಗದ ತುಂಡಿನಂತೆ ಅಂಟಂಟಾಗಿ, ಭಾರವಾಗಿ ಇತ್ತು. ನಾವಿಕರು ಎಲೆಗೆ ರಮ್ ಚಿಮುಕಿಸಿ, ಕ್ಯಾನ್ವಾಸಿನಲ್ಲಿ ಸುತ್ತಿ, ಹುರಿಹಗ್ಗದಿಂದ ಬಿಗಿದು ಇಟ್ಟುಕೊಳ್ಳುತ್ತಿದ್ದ ಕಾಲದ ವಂಶದ್ದು ಇದು. ಬ್ರಿಟಿಷ್ ನೌಕಾಪಡೆಯಲ್ಲಿ ದಿನದ ರಮ್ ಪಡಿ ನಿಂತದ್ದೇ 1970ರ ಜುಲೈ 31ರಂದು. ಗಣಿಯೊಳಗೆ ಬೆಂಕಿ ಹೊತ್ತಿಸಲಾಗದ ಕಾರ್ಮಿಕರು ಇಂಥ ಹುರಿಯನ್ನು ಅಗಿಯುತ್ತಿದ್ದರು. ಮೂಸಿದರೆ ರಮ್ ಇಲ್ಲವೇ ಇಲ್ಲವೆನ್ನಬೇಕು: ಹೊಗೆ ಹಿಡಿದ ಅಟ್ಟ, ಚರ್ಮ, ತೇವದ ಮಣ್ಣು. ನಾಣ್ಯದಷ್ಟು ತೆಳ್ಳಗೆ ಬಿಲ್ಲೆಗಳಾಗಿ ಕೊಯ್ದು, ಒಂದೂವರೆ ಗಂಟೆ ಕಾಗದದ ಮೇಲೆ ಆರಿಸಿ, ಬೆರಳಲ್ಲಿ ಬಿಡಿಸಿ ತುಂಬಿದರೂ ಐದು ಕಡ್ಡಿ ಬೇಕಾದವು.

ಮೊದಲ ದಿನ ಊಟಕ್ಕೆ ಮುಂಚೆಯೇ ಹೊತ್ತಿಸಿದ್ದು ನನ್ನ ಅಹಂಕಾರ. ಕಾಲು ಗಂಟೆಯಲ್ಲಿ ಬಿಕ್ಕಳಿಕೆ, ತಣ್ಣನೆಯ ಬೆವರು, ತಲೆಸುತ್ತು. ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಗೋಡೆಗೊರಗಿ ಕೂತೆ. ಆ ಸಲದ್ದನ್ನು ಲೆಕ್ಕಕ್ಕೆ ಹಿಡಿಯದೆ, ಮುಂದೆ ಊಟದ ಕ್ರಮಕ್ಕೇ ಮರಳಿದೆ. ಕಾರಣ ಸರಳ. ಬ್ಯಾರನ್ನಿನ ವರ್ಜೀನಿಯಾ ಹೊಗೆ ಆಮ್ಲೀಯ, ಅದರ ನಿಕೋಟಿನ್ ಬಾಯಿಯಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ನೆರಳಿನ ಗಾಳಿಗೆ ಒಣಗಿಸಿದ ಕಪ್ಪು ಎಲೆಯ ಹೊಗೆ ಕ್ಷಾರೀಯ, ಅದರ ನಿಕೋಟಿನ್ ಕೆನ್ನೆಯ ಒಳಪೊರೆಯಿಂದ ನೇರವಾಗಿ ರಕ್ತಕ್ಕೆ ಹೋಗುತ್ತದೆ. ಅಜ್ಜಿ ಎಲೆ ಅಡಿಕೆಗೆ ಕಡ್ಡಿಪುಡಿ ಸೇರಿಸುವಾಗ ಸುಣ್ಣ ಜಾಸ್ತಿಯಾದರೆ ತಲೆ ತಿರುಗುತ್ತದೆ ಎನ್ನುತ್ತಿದ್ದ ಮಾತಿನ ಹಿಂದೆ ಇದ್ದದ್ದೂ ಇದೇ ಕ್ಷಾರ.

ಎರಡನೆಯ ಸಲದಿಂದ ಹುರಿ ತನ್ನ ಗುಣ ತೋರಿಸಿತು. ಬಟ್ಟಲು ಅರ್ಧವಾಗುವ ಹೊತ್ತಿಗೆ ಆಲೆಮನೆಯ ಕೊಪ್ಪರಿಗೆಯ ಅಂಚಿನಲ್ಲಿ ಸೀದು ಹತ್ತಿದ ಪಾಕದಂಥ ಕಹಿಸಿಹಿ ನಿಧಾನವಾಗಿ ಏಳತೊಡಗಿತು, ಮತ್ತು ಬೂದಿಯಾಗುವವರೆಗೂ ಇಳಿಯಲಿಲ್ಲ. ರಮ್ ಕೂಡ ಹೆಚ್ಚಾಗಿ ಕಾಕಂಬಿಯಿಂದಲೇ ಇಳಿಸುವ ಮದ್ಯವಲ್ಲವೇ? ಆಲ್ಕೋಹಾಲ್ ಹಾರಿಹೋದರೂ ಅದರ ತಾಯಿಬೇರಿನ ರುಚಿ ಕಪ್ಪು ಎಲೆಯ ಒಗರಿನೊಂದಿಗೆ ಹೊಂದಿಕೊಂಡು ನಿಂತಂತೆ ನನಗೆ ತೋರಿತು.

ನನ್ನ ಕ್ರಮಾಂಕದಲ್ಲಿ ಹುರಿ ಮೊದಲು, ಪೀಪಾಯಿಯ ಕೇಕ್ ಸ್ವಲ್ಪವೇ ಹಿಂದೆ, ಫ್ಲೇಕ್ ಬಹಳ ಹಿಂದೆ. ಹೊಸಬರು ಕೇಳಿದರೆ ಮಾತ್ರ ಕೇಕನ್ನೇ ಹೇಳುತ್ತೇನೆ, ಏಕೆಂದರೆ ಹುರಿಯನ್ನು ನಾನೇ ವಾರಕ್ಕೊಮ್ಮೆಗಿಂತ ಹೆಚ್ಚು ಮುಟ್ಟುವುದಿಲ್ಲ. ಉಳಿದ ಅರ್ಧ ಮೊಳವನ್ನು ಗಾಜಿನ ಸೀಸೆಗೆ ಹಾಕಿ, ಮೇಲೆ ತಾರೀಖು ಬರೆದು, ಅಡುಗೆಮನೆಯಿಂದ ಆದಷ್ಟು ದೂರ ಇಡಬೇಕೆಂಬ ಹೆಂಡತಿಯ ಆಜ್ಞೆಯಂತೆ ಶೂ ಕಪಾಟಿನ ಮೇಲಿಟ್ಟಿದ್ದೇನೆ.