ಇಪ್ಪತ್ನಾಲ್ಕು ಖಾನೆಯ ಮಣಿ ಡಬ್ಬಿ: ಬಲೆಗೆ ಸೈ, ಪೆಯೋಟಿಗೆ ಬೇಡ

ಬಳ್ಳಾರಿಯ ಬಳೆ ಅಂಗಡಿ, ಫ್ಯಾನ್ಸಿ ಸ್ಟೋರುಗಳಲ್ಲೂ ಆನ್‌ಲೈನಿನಲ್ಲೂ ಒಂದೇ ಅಚ್ಚಿನ ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. 24 ಖಾನೆ, ಖಾನೆಗೊಂದು ಬಣ್ಣದ 2 ಮಿ.ಮೀ. ಗಾಜಿನ ಮಣಿ, ಒಂದು ಉಂಡೆ ಎಲಾಸ್ಟಿಕ್ ದಾರ, ಎರಡು ಸೂಜಿ, ಒಂದು ಹಿಡಿ ಕೊಂಡಿ, ಉಂಗುರ. ಮುಚ್ಚಳದ ಮೇಲೆ ಒತ್ತಾಗಿ ಹೆಣೆದ ಕೈಪಟ್ಟಿಯ ಚಿತ್ರ. ಅದು ಪೆಯೋಟಿ ಹೆಣಿಗೆ. ಒಳಗಿರುವ ಮಣಿಯಿಂದ ಆ ಪಟ್ಟಿ ಬರುವುದಿಲ್ಲ. ಹಾಗಂತ ಡಬ್ಬಿಗೆ ಕೊಟ್ಟ ದುಡ್ಡು ದಂಡವೂ ಅಲ್ಲ. ಯಾವ ಹೆಣಿಗೆಗೆ ಒಗ್ಗುತ್ತದೆ ಎಂದು ತಿಳಿದು ಕೊಂಡರೆ ಸಾಕು.

ಮೊದಲು ಮಣಿ. ಒಂದು ಖಾನೆಯಿಂದ 20 ಮಣಿ ಸೂಜಿಗೆ ಏರಿಸಿ ಸ್ಕೇಲಿಗೆ ಹಿಡಿಯಿರಿ. ಅವನ್ನು ಇಳಿಸಿ ಅದೇ ಖಾನೆಯ ಇನ್ನೊಂದು 20 ಏರಿಸಿ. ಎರಡು ಅಳತೆಗಳ ನಡುವೆ ಒಂದು ಮಣಿಯಷ್ಟು ಅಂತರ ಬಂದರೆ ಚಪ್ಪಟೆ ಹೆಣಿಗೆಯ ಆಸೆ ಬಿಡಬೇಕು. ಈ ಡಬ್ಬಿಯ ಬಹುತೇಕ ಬಣ್ಣಗಳಲ್ಲಿ ಆ ಅಂತರ ಕಣ್ಣಿಗೇ ಕಾಣುತ್ತದೆ: ಕೆಲವು ಬಿಲ್ಲೆಯಂತೆ ತೆಳು, ಕೆಲವು ಉದ್ದುದ್ದ, ಕೆಲವದರ ತೂತು ಓರೆ. ಜಪಾನಿನ ಮಿಯುಕಿ ಕಂಪನಿಯ ಡೆಲಿಕಾ ಮಣಿ ಇದಕ್ಕೆ ವಿರುದ್ಧ. ಕೊಳವೆಯಾಕಾರದ 11/0 ಅಳತೆಯ ಆ ಮಣಿಯ ಅಡ್ಡಳತೆ 1.6 ಮಿ.ಮೀ., ಉದ್ದ 1.3 ಮಿ.ಮೀ., ತೂತು 0.8 ಮಿ.ಮೀ. ಇಪ್ಪತ್ತು ಏರಿಸಿದರೆ 26 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಅಳತೆಯ ಲೆಕ್ಕ ತಿರುಗುಮುರುಗು ಎಂಬುದನ್ನು ಹೊಸಬರು ಮರೆಯಬಾರದು: ಸಂಖ್ಯೆ ದೊಡ್ಡದಾದಷ್ಟೂ ಮಣಿ ಸಣ್ಣದು. 8/0 ಸುಮಾರು 3 ಮಿ.ಮೀ., 15/0 ಸುಮಾರು 1.5 ಮಿ.ಮೀ.

ಪೆಯೋಟಿಗೆ ಸಮ ಮಣಿಯೇ ಯಾಕೆ ಬೇಕು ಎಂಬುದು ಅದನ್ನು ಹೆಣೆಯುವ ಕ್ರಮದಲ್ಲೇ ಇದೆ. ದಾರದ ತುದಿಯಿಂದ 15 ಸೆಂ.ಮೀ. ಬಿಟ್ಟು ಬೇರೆ ಬಣ್ಣದ ಒಂದು ಮಣಿಗೆ ಎರಡು ಸಲ ಸೂಜಿ ಹಾಯಿಸಿ. ಇದು ತಡೆಮಣಿ, ಕೊನೆಗೆ ತೆಗೆಯುವಂಥದ್ದು. ಆಮೇಲೆ 10 ಮಣಿ ಪೋಣಿಸಿ, ಇವೇ ಮುಂದೆ ಮೊದಲೆರಡು ಸಾಲಾಗುತ್ತವೆ. ಈಗ ಒಂದು ಹೊಸ ಮಣಿ ತೆಗೆದುಕೊಂಡು ಹತ್ತನೆಯದನ್ನು ಬಿಟ್ಟು ಒಂಬತ್ತನೆಯದರೊಳಗೆ ಹಾಯಿಸಿ. ಇನ್ನೊಂದು ತೆಗೆದುಕೊಂಡು ಎಂಟನೆಯದನ್ನು ಬಿಟ್ಟು ಏಳನೆಯದರೊಳಗೆ. ಹೀಗೆ 5 ಮಣಿ ಸೇರಿದರೆ ಮೂರನೇ ಸಾಲು. ಅಲ್ಲಿಂದ ಮುಂದೆ ಪ್ರತಿ ಹೊಸ ಮಣಿಯೂ ಎದ್ದುನಿಂತ ಎರಡು ಮಣಿಗಳ ನಡುವಿನ ಹಳ್ಳದಲ್ಲಿ ಕೂರುತ್ತದೆ. ಉದ್ದ ಮಣಿ ಆ ಹಳ್ಳದಲ್ಲಿ ಹಿಡಿಸದೆ ಅಕ್ಕಪಕ್ಕದವನ್ನು ತಳ್ಳುತ್ತದೆ. ದಪ್ಪ ಮಣಿ ತನ್ನ ಕಂಬವನ್ನು, ಅಂದರೆ ಪಟ್ಟಿಯ ಉದ್ದಕ್ಕೆ ಒಂದರ ಮೇಲೊಂದು ಕೂತ ಮಣಿಗಳನ್ನು, ಮೇಲೆತ್ತುತ್ತದೆ. ಇಪ್ಪತ್ತು ಸಾಲು ಹೋಗುವಷ್ಟರಲ್ಲಿ ಪಟ್ಟಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೈಬಿಗಿ ಸಾಲದು ಎಂದು ಹೊಸಬರು ದಾರ ಜಗ್ಗುತ್ತಾರೆ. ಜಗ್ಗಿದಷ್ಟೂ ಸೊಟ್ಟ ಹೆಚ್ಚುತ್ತದೆ. ತಪ್ಪು ಕೈಯದಲ್ಲ, ಮಣಿಯದು.

ಚಿತ್ರದಲ್ಲಿರುವಂಥ ಪಟ್ಟಿಯೇ ಬೇಕೆಂದರೆ ಲೆಕ್ಕ ಹೀಗೆ. ಡೆಲಿಕಾ ಮಣಿಯಲ್ಲಿ 10 ಕಂಬ ಎಂದರೆ 13 ಮಿ.ಮೀ. ಅಗಲ. 16 ಸೆಂ.ಮೀ. ಉದ್ದಕ್ಕೆ ಕಂಬವೊಂದಕ್ಕೆ 100 ಮಣಿ, ಒಟ್ಟು 1000. ಗ್ರಾಮಿಗೆ ಸುಮಾರು 200 ಮಣಿ ತೂಗುವುದರಿಂದ 5 ಗ್ರಾಂ ಸಾಕು, ಕೈಗೆ 6 ಇರಲಿ. ದಾರ ಮೂರರಿಂದ ಮೂರೂವರೆ ಮೀಟರ್. ಅಷ್ಟನ್ನೂ ಒಮ್ಮೆಗೇ ಸೂಜಿಗೆ ಹಾಕಿದರೆ ಸಿಕ್ಕುಗಟ್ಟುತ್ತದೆ. ಒಂದೂವರೆ ಮೀಟರಿನಂತೆ ತುಂಡು ಮಾಡಿ ಸೇರಿಸುತ್ತಾ ಹೋಗುವುದು ಒಳ್ಳೆಯದು.

ಇಟ್ಟಿಗೆ ಗೋಡೆಯಂತೆ ಕಾಣುವ ಬ್ರಿಕ್ ಹೆಣಿಗೆಯೂ ಇದೇ ಕಾರಣಕ್ಕೆ ಈ ಡಬ್ಬಿಗೆ ಒಗ್ಗದು. ಪೆಯೋಟಿಯನ್ನು ಅಡ್ಡ ತಿರುಗಿಸಿ ನೋಡಿದರೆ ಅದೇ ಬ್ರಿಕ್. ಕಿವಿಯೋಲೆಗೆ ಹೊಂದುವ ಸಣ್ಣ ತ್ರಿಕೋನವೊಂದನ್ನು ಮಾಡಬಹುದು, ಆದರೆ ಮಣಿ ಆರಿಸುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ.

ಇನ್ನು ಡಬ್ಬಿ ಗೆಲ್ಲುವ ಕಡೆಗೆ ಬರೋಣ. ರೈಟ್ ಆಂಗಲ್ ವೀವ್ ಎಂಬ ಚೌಕದ ಹೆಣಿಗೆಯಲ್ಲಿ ಗುಂಡು ಮಣಿಯೇ ಚೆಂದ, ಸಣ್ಣಪುಟ್ಟ ಏರುಪೇರು ಅದರಲ್ಲಿ ಮುಚ್ಚಿಹೋಗುತ್ತದೆ. 4 ಮಣಿ ಪೋಣಿಸಿ ವೃತ್ತ ಮಾಡಿ ಗಂಟು ಹಾಕಿ, ಗಂಟಿಗೆ ಎದುರಿನ ಮಣಿಯವರೆಗೆ ಸೂಜಿ ಹಾಯಿಸಿ. ಅಲ್ಲಿ 3 ಮಣಿ ಪೋಣಿಸಿ, ಹೊರಟ ಮಣಿಯೊಳಗೇ ಸುತ್ತಿ ಬನ್ನಿ, ಎರಡನೇ ಚೌಕವಾಯಿತು. ಒಂದು ಚೌಕ ಬಲಸುತ್ತಾದರೆ ಮುಂದಿನದು ಎಡಸುತ್ತು. ಎಲ್ಲರೂ ಎಡವುವುದು ಇಲ್ಲೇ: ಸುತ್ತು ಬದಲಿಸದೆ ನೇರ ಅಡ್ಡ ಹಾಯಿಸಿದರೆ ನಾಲ್ಕು ಮಣಿಯ ನಡುವೆ ದಾರ ಓರೆಯಾಗಿ ಕಾಣುತ್ತದೆ, ಚೌಕ ಮುದುಡುತ್ತದೆ. ಎಷ್ಟೇ ದೂರವೆನಿಸಿದರೂ ಮಣಿಯೊಳಗಿಂದಲೇ ಸಾಗಬೇಕು. ಪೂರ್ತಿ ಆದ ಮೇಲೆ ಇಡೀ ದಾರಿಯಲ್ಲಿ ಇನ್ನೊಂದು ಸಲ ಸೂಜಿ ಓಡಿಸಿದರೆ ಸರ ಬಿಗಿಯಾಗುತ್ತದೆ.

ಬಲೆಯಂತೆ ಜೋತಾಡುವ ನೆಟ್ಟಿಂಗ್, ಹೂವಿನ ಸರದ ಡೇಸಿ, ಜಾಲರಿ, ಕುಚ್ಚು, ಬಾಗಿಲ ಮಣಿ ತೋರಣ ಇವಕ್ಕೂ ಈ ಮಣಿ ಧಾರಾಳ ಸಾಕು. ಬಟ್ಟೆಯ ಮೇಲೆ ಹೊಲಿಯುವ ಅಂಚಿಗೆ ಇನ್ನೂ ವಾಸಿ. ಜಿಐ (ಭೌಗೋಳಿಕ ಸೂಚಿ) ಮಾನ್ಯತೆ ಪಡೆದ ನಮ್ಮ ಸಂಡೂರಿನ ಲಂಬಾಣಿ ಕಸೂತಿಯ ಬಗೆಯಲ್ಲಿ ಕನ್ನಡಿ, ಕವಡೆಯ ಪಕ್ಕ ಮಣಿ ಕೂರಿಸುವಾಗ ಅದನ್ನು ಹಿಡಿದಿಡುವುದು ಬಟ್ಟೆ, ಪಕ್ಕದ ಮಣಿಯಲ್ಲ. ಅಲ್ಲಿ ಅಳತೆಯ ಏರುಪೇರು ತೊಡಕಾಗದು.

ಬಣ್ಣದ ಪರೀಕ್ಷೆ ಮಾಡದೆ ಹೆಣಿಗೆಗೆ ಕೂರಬೇಡಿ. ಪ್ರತಿ ಬಣ್ಣದ ಹತ್ತು ಮಣಿಯನ್ನು ಉಗುರುಬಣ್ಣ ತೆಗೆಯುವ ದ್ರವದಲ್ಲಿ ನೆನೆದ ಹತ್ತಿಯಲ್ಲಿ ಕೆಲವು ನಿಮಿಷ ಉಜ್ಜಿ. ಹತ್ತಿಗೆ ಬಣ್ಣ ಹತ್ತಿದರೆ ಅದು ಮೇಲ್ಬಣ್ಣ, ಬೆವರಿಗೂ ಬಿಡುತ್ತದೆ. ಇನ್ನೂ ಹತ್ತು ಮಣಿಯ ಅರ್ಧ ಭಾಗವನ್ನು ಕಾಗದದಿಂದ ಮುಚ್ಚಿ ಎರಡು ವಾರ ಬಿಸಿಲಿಗಿಡಿ. ಬಳ್ಳಾರಿಯ ಏಪ್ರಿಲ್ ಬಿಸಿಲು ಯಾವ ಲೇಬಲ್ಲಿಗಿಂತಲೂ ನಿಷ್ಠುರವಾಗಿ ಉತ್ತರ ಹೇಳುತ್ತದೆ. ಇಂಥ ಡಬ್ಬಿಗಳಲ್ಲಿ ಮೊದಲು ಸೋಲುವುದು ಗಾಢ ಗುಲಾಬಿ, ನೇರಳೆ. ಗಾಜಿನಲ್ಲೇ ಬಣ್ಣ ಬೆರೆತ ಕಪ್ಪು, ಬಿಳಿ, ಹಸಿರು ನಿಲ್ಲುತ್ತವೆ. ಲೋಹದ ಹೊಳಪಿನ ಚಿನ್ನದ ಬಣ್ಣ ಕೈಗೆ ತಾಗುವಲ್ಲಿ ಉಜ್ಜಿಹೋಗುತ್ತದೆ, ಅದನ್ನು ಕಿವಿಯೋಲೆಗೆ ಮಾತ್ರ ಇಡಿ.

ದಾರವನ್ನು ಮಾತ್ರ ಮುಲಾಜಿಲ್ಲದೆ ಪಕ್ಕಕ್ಕಿಡಿ. ಎಲಾಸ್ಟಿಕ್ ಒಂದೆಳೆ ಬಳೆಗೆ ಸರಿ, ಹೆಣಿಗೆಗಲ್ಲ: ಹಿಗ್ಗಿದಾಗ ಮಣಿಗಳ ನಡುವೆ ಬಾಯಿ ಬಿಡುತ್ತದೆ, ಬಿಸಿಲಿಗೆ ಬೇಗ ಕಸುವು ಕಳೆದುಕೊಳ್ಳುತ್ತದೆ. ಜೀನ್ಸ್ ಊರಾದ್ದರಿಂದ ಇಲ್ಲಿ ಜೀನ್ಸ್ ಹೊಲಿಯುವ ದಾರ ಮೂಲೆಮೂಲೆಗೂ ಸಿಗುತ್ತದೆ, ಗಟ್ಟಿ ಎಂದು ಹಲವರು ಅದನ್ನೇ ಹಿಡಿಯುತ್ತಾರೆ. ಆದರೆ ಅದು ಮಣಿ ಸೂಜಿಯ ಕಣ್ಣಿಗೆ ಹಿಡಿಸುವುದಿಲ್ಲ, ಒಂದೇ ತೂತಿನಲ್ಲಿ ಮೂರ್ನಾಲ್ಕು ಸಲ ಹಾಯುವುದಿಲ್ಲ, ಗಾಜಿನ ಅಂಚಿಗೆ ನಾರುನಾರಾಗಿ ಬಿಚ್ಚುತ್ತದೆ. ಸರಿಯಾದದ್ದು ಮೀನಿನ ಗಾಳಕ್ಕೆಂದು ಮಾಡಿದ ಫೈರ್‌ಲೈನ್ ಬಗೆಯ, 6 ಪೌಂಡ್ ಭಾರ ತಾಳುವ ಎಳೆ, 0.15 ಮಿ.ಮೀ. ದಪ್ಪ. ಬೂದು ಬಣ್ಣದ್ದು ತಿಳಿ ಮಣಿಗೆ ಮಸಿ ಹತ್ತಿಸುತ್ತದೆ, ಅದಕ್ಕೆ ಬಿಳಿಯದನ್ನು ಬಳಸಿ. ನೈಲಾನ್ ಆದರೆ ಹೆಣೆಯುವ ಮುಂಚೆ ಚೆನ್ನಾಗಿ ಜಗ್ಗಿ ಹಿಗ್ಗಿಸಿ, ಇಲ್ಲವಾದರೆ ಒಡವೆಯಾದ ಮೇಲೆ ಹಿಗ್ಗುತ್ತದೆ. ಡಬ್ಬಿಯ ಸೂಜಿಗಳೂ ದಪ್ಪ. 11/0 ಗುಂಡು ಮಣಿಗೆ 10ನೇ ನಂಬರ್, ಡೆಲಿಕಾಗೆ 12ನೇ ನಂಬರ್ ಸೂಜಿ ಬೇಕು. ಬಿಗಿ ತೂತಿನ ಮಣಿಗೆ ಸೂಜಿ ತುರುಕಬೇಡಿ, ಒಡೆಯುವುದು ಸೂಜಿಯಲ್ಲ, ಹೆಣೆದು ಮುಗಿದ ಸಾಲಿನ ನಡುವಿನ ಮಣಿ.

ಡಬ್ಬಿಯಲ್ಲಿ ಬರುವ ಉಂಗುರಗಳ ಎರಡು ತುದಿಗಳು ಪೂರ್ತಿ ಕೂಡುವುದಿಲ್ಲ. ತೆಳು ಎಳೆ ಆ ಸಂದಿಯಿಂದಲೇ ಜಾರಿ ಸರ ಕಳಚುತ್ತದೆ. ಬೆಸುಗೆ ಹಾಕಿದ ಉಂಗುರ ಬೇರೆ ಕೊಳ್ಳಿ. ಅದಿಲ್ಲದಿದ್ದರೆ ಒಂದು ತುದಿಗೆ ಗುಂಡಿ ಹೊಲಿದು ಇನ್ನೊಂದು ತುದಿಗೆ ಮಣಿಯ ಕುಣಿಕೆ ಮಾಡಿ. ಗುಂಡಿ ಕಷ್ಟಪಟ್ಟು ತೂರುವಷ್ಟೇ ಕುಣಿಕೆ ಇರಲಿ, ಹಾಕುತ್ತಾ ತೆಗೆಯುತ್ತಾ ತಾನೇ ಸಡಿಲಾಗುತ್ತದೆ. ಆ ಕುಣಿಕೆಯೊಳಗೆ ದಾರವನ್ನು ಮೂರು ಸಲ ಓಡಿಸಿ, ಮೊದಲು ಸವೆಯುವ ಜಾಗ ಅದೇ.