ವೈಪರ್22ಎ ಅಂತ ಕೊಟ್ಟಿದ್ದು ವೈಪರ್12ಎ: ಬಿಡಿ ಐಸಿ ಕೊಳ್ಳೋರು ಹುಷಾರು

ಸಣ್ಣ ಎಸ್‌ಎಂಪಿಎಸ್ (ಮೇನ್ಸ್ ಕರೆಂಟನ್ನ ಕಡಿಮೆ ಡಿಸಿ ವೋಲ್ಟೇಜ್ ಮಾಡೋ ಸ್ವಿಚಿಂಗ್ ಪವರ್ ಸಪ್ಲೈ) ಮಾಡೋರೆಲ್ಲ ದಯವಿಟ್ಟು ಇದನ್ನ ಓದಿ. ವೈಪರ್22ಎ (ಈ ಸಪ್ಲೈನ ಕಂಟ್ರೋಲರೂ ಸ್ವಿಚ್ಚೂ ಒಟ್ಟಿಗೆ ಇರೋ ಚಿಪ್) ಅಂತ 50 ಪೀಸ್ ಬಂತು. ಮೇಲೆ ಲೋಗೋ ಇದೆ, ನಂಬರ್ ಇದೆ, ಕಾಲುಗಳು ಫಳಫಳ ಹೊಳೀತಿವೆ. ಒಳಗಿರೋದು ಅದಕ್ಕಿಂತ ಕಡಿಮೆ ಪವರ್‌ನ ವೈಪರ್12ಎ. ಹಾಕಿ ನೋಡಿದ ಒಂದೊಂದೂ ಅದೇ.

ಈ ಮೋಸ ಬೇಗ ಸಿಕ್ಕಿಬೀಳಲ್ಲ, ಯಾಕಂದ್ರೆ ಎರಡೂ ಒಂದೇ ತಾಯಿ ಮಕ್ಕಳು. ಅದೇ 8 ಕಾಲು: 1, 2 ಸೋರ್ಸ್, 3 ಫೀಡ್‌ಬ್ಯಾಕ್, 4 ವಿಡಿಡಿ (ಚಿಪ್ ಓಡೋಕೆ ಬೇಕಾದ ಸಪ್ಲೈ), 5ರಿಂದ 8 ಡ್ರೈನ್. ತಡೆಯೋದು ಅದೇ 730 ವೋಲ್ಟ್, ಸ್ವಿಚಿಂಗ್ ಅದೇ 60 ಕಿಲೋಹರ್ಟ್ಸ್. ವಿಡಿಡಿ 14.5 ವೋಲ್ಟ್‌ಗೆ ಶುರು, 8ಕ್ಕೆ ಬಂದ್, ಅದೂ ಅದೇ. ಬೇರೆ ಇರೋದು ಒಳಗಿನ ಸ್ವಿಚ್, ಅಂದ್ರೆ ಮಾಸ್‌ಫೆಟ್ಟು (ಆನ್ ಆದಾಗ 15 ಓಮ್ ಬದಲು 27) ಮತ್ತು ಕರೆಂಟ್ ಲಿಮಿಟ್ಟು (ಪೀಕ್ ಕರೆಂಟ್ ಇಷ್ಟಾದ್ರೆ ಸ್ವಿಚ್ ಆಫ್). 22ಎಗೆ 0.7 ಆಂಪ್, 12ಎಗೆ 0.4. ಇಡೀ ಮೋಸ ಇರೋದು ಇಲ್ಲೇ.

ಬೋರ್ಡು ಸಾಮಾನ್ಯ ಫ್ಲೈಬ್ಯಾಕ್ (ಸ್ವಿಚ್ ಆನ್ ಇದ್ದಾಗ ಟ್ರಾನ್ಸ್‌ಫಾರ್ಮರ್‌ನಲ್ಲಿ ಶಕ್ತಿ ತುಂಬಿ, ಆಫ್ ಆದಾಗ ಹೊರಗೆ ಕೊಡೋ ಥರದ್ದು): ಔಟ್‌ಪುಟ್ 12 ವೋಲ್ಟ್ 0.8 ಆಂಪ್, ಟ್ರಾನ್ಸ್‌ಫಾರ್ಮರ್ ಪ್ರೈಮರಿ 1.5 ಮಿಲಿಹೆನ್ರಿ, ಫೀಡ್‌ಬ್ಯಾಕ್‌ಗೆ ಆಪ್ಟೋ ಪಿಸಿ817 ಮತ್ತು ರೆಫರೆನ್ಸ್ ಟಿಎಲ್431. ಲೋಡ್ ಇಲ್ಲದಾಗ ಸರಿ. 0.3 ಆಂಪ್‌ಗೂ ಸರಿ. 0.45 ದಾಟಿದ ತಕ್ಷಣ ಔಟ್‌ಪುಟ್ ಕುಸಿಯುತ್ತೆ, ಅದರ ಜೊತೆ ಆಕ್ಸಿಲರಿ (ವಿಡಿಡಿ ಕೊಡೋ ಸುರುಳಿ) ವೋಲ್ಟೇಜೂ ಇಳಿಯುತ್ತೆ, ವಿಡಿಡಿ 8ಕ್ಕಿಂತ ಕೆಳಗೆ ಹೋಗಿ ಚಿಪ್ ನಿಲ್ಲುತ್ತೆ, ಮತ್ತೆ ಏಳುತ್ತೆ. ಟಿಕ್, ಟಿಕ್, ಟಿಕ್. ಈ ಲಕ್ಷಣ ನೋಡಿದ್ರೆ ಯಾರಿಗಾದ್ರೂ ಅನುಮಾನ ಬರೋದು ಆಕ್ಸಿಲರಿ ಡಯೋಡ್ ಮೇಲೆ, ಕೆಪಾಸಿಟರ್ ಮೇಲೆ, ಟ್ರಾನ್ಸ್‌ಫಾರ್ಮರ್ ಮೇಲೆ. ಚಿಪ್ ಮೇಲೆ ಬರಲ್ಲ, ಅದು ಓಡ್ತಾ ಇದೆಯಲ್ಲ! ಎಲ್ಲ ಬದಲಾಯಿಸಿದ್ದಾಯ್ತು. ಟ್ರಾನ್ಸ್‌ಫಾರ್ಮರ್ ಮೂರು ಸಲ ಬಿಚ್ಚಿ ಸುತ್ತಿದ್ದಾಯ್ತು. ಲೆಕ್ಕ ಮೊದಲೇ ಹಾಕಬೇಕಿತ್ತು, ಹಾಕಲಿಲ್ಲ, ಅದಕ್ಕೇ ನಾಚಿಕೆ.

ಲೆಕ್ಕ ಇಷ್ಟೇ. ಇಂಡಕ್ಟನ್ಸ್‌ನ ಅರ್ಧ, ಪೀಕ್ ಕರೆಂಟ್‌ನ ವರ್ಗ, ಫ್ರೀಕ್ವೆನ್ಸಿ, ಮೂರನ್ನೂ ಗುಣಿಸಿ. 0.4 ಆಂಪ್‌ಗೆ 7.2 ವ್ಯಾಟ್. ಎಫಿಶಿಯೆನ್ಸಿ 80 ಪರ್ಸೆಂಟ್ ಅಂದ್ರೆ ಹೊರಗೆ ಸಿಗೋದು 5.8 ವ್ಯಾಟ್, ಅಂದ್ರೆ 12 ವೋಲ್ಟ್‌ಗೆ 0.48 ಆಂಪ್. ಬೋರ್ಡು ಸಾಯ್ತಾ ಇದ್ದದ್ದು ಸರಿಯಾಗಿ ಅಲ್ಲೇ!

ಖಾತ್ರಿ ಮಾಡ್ಕೊಳ್ಳೋಕೆ ಬಲ್ಕ್ ಕೆಪಾಸಿಟರ್ (ಮೇನ್ಸ್ ಕಡೆಯ ದೊಡ್ಡದು) ಮೈನಸ್‌ಗೂ ಸೋರ್ಸ್‌ಗೂ ನಡುವೆ 1 ಓಮ್ ರೆಸಿಸ್ಟರ್ ಹಾಕಿ, ಲೋಡ್ ಜಾಸ್ತಿ ಮಾಡ್ತಾ ಸ್ಕೋಪ್‌ನಲ್ಲಿ ನೋಡಿ. ಆಕ್ಸಿಲರಿ ಮತ್ತು ಆಪ್ಟೋದ ಗ್ರೌಂಡ್ ಸೋರ್ಸ್ ಕಡೆಯೇ ಇರಲಿ. ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಈ ಮೇನ್ಸ್ ಕಡೆ ಸ್ಕೋಪ್ ಗ್ರೌಂಡ್ ಕಚ್ಚಿಸಲೇಬೇಡಿ. ಕರೆಂಟ್ ತ್ರಿಕೋನದ ತುದಿ 0.4 ವೋಲ್ಟ್‌ಗೆ (1 ಓಮ್ ಆದ್ದರಿಂದ 0.4 ಆಂಪ್) ಕತ್ತರಿಸಿದ ಹಾಗೆ ನಿಂತಿತ್ತು. ಡೇಟಾಶೀಟ್ ಪ್ರಕಾರ 12ಎ ಲಿಮಿಟ್ 0.32ರಿಂದ 0.48, 22ಎದು 0.56ರಿಂದ 0.84. ಎರಡೂ ಎಲ್ಲೂ ಸೇರಲ್ಲ. ಎಷ್ಟೇ ಕಳಪೆ 22ಎ ಆದ್ರೂ 0.4ಕ್ಕೆ ನಿಲ್ಲಲ್ಲ.

ಆಮೇಲೆ ಹತ್ತಿಗೆ ಅಸಿಟೋನ್ ಹಚ್ಚಿ ಚಿಪ್ ಉಜ್ಜಿದ್ರೆ ಹತ್ತಿ ಕಪ್ಪಾಯ್ತು. ಒಂದನೇ ಕಾಲು ಯಾವುದು ಅಂತ ತೋರಿಸೋ ಗುಳಿಯಲ್ಲಿ ಬಣ್ಣ ತುಂಬ್ಕೊಂಡಿತ್ತು. ಅಡ್ಡ ಬೆಳಕಿಗೆ ಹಿಡಿದ್ರೆ ಉಜ್ಜಿದ ಗೆರೆಗಳ ಕೆಳಗೆ ಹಳೇ ಅಕ್ಷರದ ನೆರಳು. ಹೊಟ್ಟೆ ಉರಿದು ಹೋಯ್ತು.

ಇನ್ನು ಮಾರಿದವರ ಉತ್ತರ ಕೇಳಿ. ಮೊದಲು: "ಸರ್, ಮಲ್ಟಿಮೀಟರ್ ಹಾಕಿ ಚೆಕ್ ಮಾಡೇ ಕಳಿಸಿರೋದು." ಮಲ್ಟಿಮೀಟರ್‌ಗೆ ಕಾಣೋದು ಬಾಡಿ ಡಯೋಡ್, ಅದು ಎರಡರಲ್ಲೂ ಒಂದೇ ಥರ ತೋರಿಸುತ್ತೆ! ಸ್ಕೋಪ್ ಫೋಟೋ ಕಳಿಸಿದ್ಮೇಲೆ: "ನಿಮ್ಮ ಟ್ರಾನ್ಸ್‌ಫಾರ್ಮರ್ ಡಿಸೈನ್ ಸರಿಯಿಲ್ಲ ಸರ್." ಕಪ್ಪಾದ ಹತ್ತಿಯ ಫೋಟೋ ಕಳಿಸಿದ್ಮೇಲೆ: "ಸೋಲ್ಡರ್ ಮಾಡಿದ ಮಾಲು ವಾಪಸ್ ತಗೊಳ್ಳಲ್ಲ." ಬೋರ್ಡಿಗೆ ಹಾಕದೆ ಕರೆಂಟ್ ಲಿಮಿಟ್ ಹೇಗೆ ನೋಡೋದು? ಇದಕ್ಕೆ ಉತ್ತರ ಇಲ್ಲ.

ಕೊಳ್ಳೋದಿದ್ರೆ ಕಂಪನಿಯ ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ರ ಕೊಳ್ಳಿ. ಬೇರೆ ಕಡೆ ಅನಿವಾರ್ಯ ಆದ್ರೆ ಮೊದಲು 2 ಪೀಸ್ ತರಿಸಿ, ಸಾಕೆಟ್‌ಗೆ ಹಾಕಿ, ಪೂರ್ತಿ ಲೋಡ್ ಕೊಟ್ಟು ಪೀಕ್ ಕರೆಂಟ್ ನೋಡಿ. ಲೋಡ್ ಇಲ್ಲದೆ 12 ವೋಲ್ಟ್ ಬಂತು ಅಂತ ನಂಬಬೇಡಿ. ಅಸಿಟೋನ್ ಪಾಸಾದ್ರೂ ನಂಬಬೇಡಿ, ಅದಕ್ಕೂ ಕರಗದ ಬಣ್ಣ ಇದೆ. ಡಿಸೈನ್ ಲೆಕ್ಕಕ್ಕೆ 0.7 ಅಲ್ಲ, 0.56 ಹಿಡೀರಿ.

ಕೊನೆಗೆ ಬಂದ ಮೆಸೇಜ್: "ಹೊಸ ಲಾಟ್ ಬಂದಿದೆ ಸರ್, ಅದನ್ನ ಕಳಿಸ್ಲಾ?" ಜೊತೆಗೆ ಒಂದು ಫೋಟೋ. ಚಿಪ್ ಮೇಲಿನ ಲಾಟ್ ಕೋಡ್ ಅದೇ ಹಳೇದು.