ಒಂದೇ ಸರ್ವರ್: ಬೇರೆ ಪೋರ್ಟ್ ಕೊಡೋದಾ, ಬೇರೆ ಐಪಿ ತಗೊಳ್ಳೋದಾ?

ನನ್ನ ಹತ್ತಿರ ಇರುವುದು ಬಾಡಿಗೆಯ ಒಂದು ಲಿನಕ್ಸ್ ಸರ್ವರ್. ಅದರಲ್ಲಿ ಒಂದು ಶಾಲೆಯ ಫಲಿತಾಂಶದ ಆ್ಯಪ್, ಲೈಬ್ರರಿಯ ಲೆಕ್ಕ, ಜೊತೆಗೆ ಮೇಲ್ ನಡೆಯಬೇಕಿತ್ತು. ಐಪಿ ಅಂದರೆ ನೆಟ್‌ನಲ್ಲಿ ಸರ್ವರಿನ ವಿಳಾಸ, ಪೋರ್ಟ್ ಅಂದರೆ ಆ ವಿಳಾಸದಲ್ಲಿ ಒಂದೊಂದು ಪ್ರೋಗ್ರಾಮಿಗೆ ಇರುವ ಬಾಗಿಲಿನ ನಂಬರ್. ಎರಡೂ ದಾರಿ ಹಿಡಿದು ನೋಡಿದ್ದೇನೆ.

ಮೊದಲು ಪೋರ್ಟ್. ಕಾಸು ಖರ್ಚಿಲ್ಲ, 65,535ರವರೆಗೆ ನಂಬರ್ ಇವೆ. ಫಲಿತಾಂಶಕ್ಕೆ 443, ಲೈಬ್ರರಿಗೆ 8443 ಕೊಟ್ಟೆ. ಮನೆಯಿಂದ ಎಲ್ಲ ಸರಿಯಾಗಿತ್ತು. ಶಾಲೆಯ ಲ್ಯಾಬಿನಲ್ಲಿ ಲೈಬ್ರರಿ ಪುಟ ತೆರೆಯಲೇ ಇಲ್ಲ, ಸುಮ್ನೆ ಸುತ್ತುತ್ತಾ ಇತ್ತು. ಅಲ್ಲಿನ ಫೈರ್‌ವಾಲ್ ವೆಬ್‌ನ ಮಾಮೂಲಿ ಪೋರ್ಟ್‌ಗಳಾದ 80 ಮತ್ತು 443 ಬಿಟ್ಟು ಬೇರೆ ಪೋರ್ಟಿಗೆ ಹೋಗಲು ಬಿಡುತ್ತಿರಲಿಲ್ಲ.

ಇನ್ನೊಂದು ತೊಂದರೆ ಹುಡುಕಲು ಎರಡು ಸಂಜೆ ಹಿಡಿಯಿತು. ಟೀಚರೊಬ್ಬರು ಮನೆಯಿಂದ ಲೈಬ್ರರಿಗೆ ಲಾಗಿನ್ ಆದ ಕೂಡಲೇ ಫಲಿತಾಂಶದ ಆ್ಯಪ್ ಅವರನ್ನು ಹೊರಗೆ ಹಾಕುತ್ತಿತ್ತು. ಲಾಗಿನ್ ನೆನಪಿಡಲು ಬ್ರೌಸರಿನಲ್ಲಿ ಉಳಿಯುವ ಚೂರು ಮಾಹಿತಿಗೆ ಕುಕಿ ಅನ್ನುತ್ತಾರೆ, ಎರಡೂ ಆ್ಯಪಿನ ಕುಕಿಗೆ ಒಂದೇ ಹೆಸರಿತ್ತು. ಬ್ರೌಸರ್ ಕುಕಿಯನ್ನು ಪೋರ್ಟ್ ನೋಡಿ ಬೇರೆ ಮಾಡುವುದಿಲ್ಲ. ಒಂದು ಇನ್ನೊಂದನ್ನು ಅಳಿಸುತ್ತಿತ್ತು.

ಆಮೇಲೆ ಎರಡನೇ ಐಪಿ ತಗೊಂಡೆ. ಇದು ಪುಕ್ಕಟೆ ಅಲ್ಲ. ಸರ್ವರ್ ಬಾಡಿಗೆಗೆ ಕೊಡುವ ಅಮೆಜಾನ್ ಕೂಡ 2024ರ ಫೆಬ್ರುವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ ಅರ್ಧ ಸೆಂಟ್ ಹಾಕುತ್ತದೆ, ತಿಂಗಳಿಗೆ ಸುಮಾರು ಮೂರೂವರೆ ಡಾಲರ್. ಎರಡೂ ಆ್ಯಪ್ 443ರಲ್ಲೇ ಕೂತವು, ಲ್ಯಾಬಿನಲ್ಲೂ ತೆರೆದವು. ಆದರೆ ವೆಬ್ ಸರ್ವರ್ ಪ್ರೋಗ್ರಾಂ ಎಂಜಿನ್‌ಎಕ್ಸ್‌ನ ಯಾವ ಪೋರ್ಟಿನಲ್ಲಿ ಕೂರಬೇಕು ಅಂತ ಹೇಳುವ ಲಿಸನ್ ಸಾಲಿನಲ್ಲಿ ಐಪಿಯನ್ನೂ ಬರೆಯಬೇಕು. ಬರೀ 443 ಅಂತ ಬರೆದರೆ ಅದು ಎಲ್ಲ ವಿಳಾಸವನ್ನೂ ಹಿಡಿದುಕೊಳ್ಳುತ್ತದೆ, ಎರಡನೇ ಪ್ರೋಗ್ರಾಂ ಏಳುವುದೇ ಇಲ್ಲ.

ಹಾಗಿದ್ದರೂ ವೆಬ್‌ಗೆ ಇದು ದಂಡದ ಖರ್ಚು ಅಂತ ನನಗೆ ಅನ್ನಿಸಿತು. ಈಗಿನ ಬ್ರೌಸರ್‌ಗಳು ಸಂಪರ್ಕದ ಶುರುವಿನಲ್ಲೇ ಸೈಟಿನ ಹೆಸರು ಹೇಳುತ್ತವೆ, ಅದಕ್ಕೆ ಎಸ್‌ಎನ್‌ಐ ಅನ್ನುತ್ತಾರೆ. ಎರಡು ಸಬ್‌ಡೊಮೇನ್ (ಒಂದೇ ಸೈಟಿನ ಹೆಸರಿನ ಕೆಳಗೆ ಬೇರೆ ಬೇರೆ ಹೆಸರು) ಮಾಡಿ, ಎರಡನ್ನೂ ಒಂದೇ ಐಪಿಗೆ ತಂದೆ. ಬಂದ ಹೆಸರು ನೋಡಿ ಎಂಜಿನ್‌ಎಕ್ಸ್ ಆಯಾ ಆ್ಯಪಿಗೆ ದಾಟಿಸುತ್ತದೆ. ಆ್ಯಪ್‌ಗಳು ಒಳಗಡೆ 3000, 3001ರಲ್ಲಿವೆ, ಹೊರಗಿನವರಿಗೆ ಕಾಣುವುದಿಲ್ಲ. ಕುಕಿ ಜಗಳವೂ ನಿಂತಿತು.

ಎರಡನೇ ಐಪಿಯನ್ನು ಮೇಲ್‌ಗೆ ಇಟ್ಟುಕೊಂಡೆ. ಹೊರಗಿನ ಸರ್ವರ್‌ಗಳು ಬರುವುದು 25ನೇ ಪೋರ್ಟಿಗೇ. ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಯಲ್ಲಿ ಪೋರ್ಟ್ ಬರೆಯಲು ಜಾಗವೇ ಇಲ್ಲ, ಅಲ್ವಾ? ಕಳಿಸುವಾಗಲೂ ಆ ಕಡೆಯವರು ನೋಡುವುದು ಐಪಿಯನ್ನೇ. ನಾಳೆ ಆ್ಯಪಿನಲ್ಲಿ ಎಡವಟ್ಟಾಗಿ ವೆಬ್ ಐಪಿ ಸ್ಪ್ಯಾಮ್ ಪಟ್ಟಿ ಸೇರಿದರೂ ಮೇಲ್‌ಗೆ ಅಷ್ಟು ಪೆಟ್ಟು ಬೀಳಬಾರದು.

ಐಪಿ ಸೇರಿಸಿದ ಮೇಲೂ ಹೋಗುವ ಮೇಲ್‌ಗಳ ಹೆಡರಿನಲ್ಲಿ, ಅಂದರೆ ಬಂದ ದಾರಿ ತೋರಿಸುವ ಸಾಲುಗಳಲ್ಲಿ, ಹಳೇ ಐಪಿಯೇ ಕಾಣುತ್ತಿತ್ತು. ಮೇಲ್ ಕಳಿಸುವ ಪ್ರೋಗ್ರಾಂ ಪೋಸ್ಟ್‌ಫಿಕ್ಸ್‌ಗೆ ಎಸ್‌ಎಂಟಿಪಿ ಬೈಂಡ್ ಅಡ್ರೆಸ್ (ಯಾವ ಐಪಿಯಿಂದ ಕಳಿಸಬೇಕು ಅನ್ನುವುದು) ಹೇಳಿಕೊಟ್ಟ ಮೇಲೇ ಹೊಸದು ಬಂತು. ಪಿಟಿಆರ್ ಹೆಸರನ್ನೂ (ಐಪಿ ಕೊಟ್ಟು ಕೇಳಿದರೆ ಸಿಗುವ ಹೆಸರು) ಆಗಲೇ ಹಾಕಿಸಿದೆ.